ಜಿಂಕೆ ಬುದ್ಧೀ ಅಂದ ಕಥೆ

ತನ್ನನ್ನು ಜಿಂಕೆ ಮಾಡಿದ್ದಾರೆ ಎಂಬ ವಿಷಯ ಸಿದ್ದರಾಜುವಿಗೆ ತಿಳಿದದ್ದು ಅಮೆರಿಕದಲ್ಲಿ, ಮಗನ ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ, ಮೊಮ್ಮಗಳ ತಲೆಪಟ್ಟಿಗೆ ಕಂದು ಬಟ್ಟೆಯ ಕಿವಿ ಹೊಲಿಯುತ್ತಾ ಕೂತಿದ್ದಾಗ.

ಮೊಮ್ಮಗಳು ನಿಸರ್ಗಾ ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಿದ್ದಳು. ಹೊನ್ನಾರು ಕನ್ನಡ ಬಳಗದವರ ‘ವನ್ಯಜೀವಿ ಸಂಭ್ರಮ’ಕ್ಕೆ ಕ್ಲಾಸಿನ ಮಕ್ಕಳದೊಂದು ನಾಟಕ. ಒಬ್ಬ ನವಿಲು, ಒಬ್ಬಳು ಮರ, ಇಬ್ಬರು ಪೊದೆ. ಜಿಂಕೆಯ ಪಾತ್ರ ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಜಿಂಕೆ ಗುಂಡೇಟು ತಿನ್ನುತ್ತದೆ. ಆ ಪಾತ್ರ ಸಿಕ್ಕ ದಿನದಿಂದ ಹುಡುಗಿ ಸೋಫಾದ ಮೇಲಿಂದ ಕಾರ್ಪೆಟ್ಟಿಗೆ ಬಿದ್ದೂ ಬಿದ್ದೂ ಮೊಣಕೈ ತರಚಿಕೊಂಡಿದ್ದಳು.

“ತಾತ, ವಾಚ್ ಮಿ,” ಅಂದಳು. ಬಿದ್ದಳು. ಬಿದ್ದಲ್ಲೇ ಎರಡೂ ಕೈ ಮುಗಿದು, “ಬುದ್ಧೀ” ಅಂದಳು.

ಸಿದ್ದರಾಜುವಿನ ಕೈಯಲ್ಲಿ ಸೂಜಿ ನಿಂತಿತು.

“ಏನಂದೆ ಕೂಸು?”

“ಬುದ್ಧೀ. ದಟ್ಸ್ ಮೈ ಲೈನ್. ಡಿಯರ್ ಹಾಗೆ ಹೇಳತ್ತೆ.”

“ಜಿಂಕೆ ಯಾಕೆ ಅಂಗಂತದೆ?”

ಹುಡುಗಿ ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ಬಿಡಿಸಿ ಹೇಳಿದಳು. ಬಳಗದ ಗುರು ಅಂಕಲ್ ಚಿಕ್ಕವರಾಗಿದ್ದಾಗ ಬೇಟೆ ಆಡುತ್ತಿದ್ದರಂತೆ. ಒಂದು ದಿನ ಜಿಂಕೆಗೆ ಹೊಡೆದರಂತೆ. ಜಿಂಕೆ ಸಾಯುವಾಗ ಅವರ ಕಣ್ಣಲ್ಲಿ ಕಣ್ಣಿಟ್ಟು ‘ಬುದ್ಧೀ’ ಅಂದಿತಂತೆ. ಬುದ್ಧಿ ಅಂದರೆ ವಿಸ್ಡಮ್. ಅವತ್ತೇ ಅಂಕಲ್‌ಗೆ ವಿಸ್ಡಮ್ ಬಂತಂತೆ, ಕೋವಿ ಬಿಸಾಕಿದರಂತೆ. ಈಗ ಪ್ರಾಣಿಗಳನ್ನು ಉಳಿಸುತ್ತಾರೆ. ಇಟ್ಸ್ ಎ ಟ್ರೂ ಸ್ಟೋರಿ, ತಾತ.

“ಯಾವೂರ ಕಾಡಂತೆ?”

“ಕೆಂಚ... ಕೆಂಚನಕೊಪ್ಪಲು. ಇಟ್ಸ್ ಸೋ ಹಾರ್ಡ್ ಟು ಸೇ.”

ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಸಣ್ಣತಾಯಮ್ಮ ಸ್ಟೋವ್ ಆರಿಸಿ ಬಾಗಿಲಿಗೆ ಬಂದಳು. ಗಂಡನ ಮುಖ ನೋಡಿದಳು, ಅವನ ಎಡಗಾಲು ನೋಡಿದಳು, ಮೊಮ್ಮಗಳ ಕಿವಿ ನೋಡಿದಳು.

“ಪಟೇಲ್ರ ಹಿರೀಮಗ,” ಅಂದಳು. “ನಾಯಿ ಬಾಲ ನೆಟ್ಟಗಾಗಿ ಇಲ್ಲಿಗಂಟ ಬಂದದೆ ನೋಡು.”

ಕೆಂಚನಕೊಪ್ಪಲು ಇವರ ಊರು. ಮಳವಳ್ಳಿ ಕಡೆ, ಕಾಡಿನ ಅಂಚಿನಲ್ಲಿದೆ. ಪಟೇಲರ ಮನೆಯವರು ಬೇಟೆಗೆ ಹೊರಟರೆಂದರೆ ಹೊಲಗೇರಿಯ ಗಂಡಸರು ಸೋವಿಗೆ ಹೋಗಬೇಕಿತ್ತು. ಸೋವು ಅಂದರೆ ಕಾಡಿನ ಆ ತುದಿಯಿಂದ ತಮಟೆ ಬಡಿದು, ಡಬ್ಬ ಬಡಿದು, ಗಂಟಲು ಹರಿಯುವಂತೆ ಕೂಗುತ್ತಾ, ಈ ತುದಿಯಲ್ಲಿ ಕೋವಿ ಹಿಡಿದು ಕೂತವರ ಮುಂದಕ್ಕೆ ಪ್ರಾಣಿಗಳನ್ನು ಅಟ್ಟುವುದು. ಕೂಲಿ ಇಲ್ಲ. ಕಾಲಿಗೆ ಚಪ್ಪಲಿ ಇಲ್ಲ, ಪಟೇಲರ ಎದುರು ಮೆಟ್ಟುವ ಹಾಗಿರಲಿಲ್ಲ. ಮುಳ್ಳು ಹೊಕ್ಕರೆ ಕಿತ್ತೆಸೆದು ಕೂಗುತ್ತಲೇ ನಡೆಯಬೇಕು. ಹಂದಿ ಬಿದ್ದರೆ ಹೊರುವವರು ಇವರು, ಸುಡುವವರು ಇವರು, ಕುಯ್ಯುವವರು ಇವರು. ತೊಡೆ ಬೆನ್ನು ಪಟೇಲರ ಮನೆಗೆ, ಕರುಳು ಕೇರಿಗೆ. ಆ ಕರುಳಿಗೂ ಕೇರಿಯ ಹೆಂಗಸರು ಸೊಂಟ ಬಗ್ಗಿಸಿ ಕಾಯುತ್ತಿದ್ದರು.

ಆ ಸಲ ಪಟೇಲರ ಹಿರಿಮಗ ಗುರುಪ್ರಸಾದರು ಮೈಸೂರಿನಿಂದ ರಜಕ್ಕೆ ಬಂದಿದ್ದರು. ಇಂಜಿನಿಯರಿಂಗು ಓದುತ್ತಿದ್ದರು. ಅವರ ಮುಂದಿನ ಪೊದೆ ಅಲ್ಲಾಡಿತು. ಹೊಡೆದರು. ಪೊದೆಯಲ್ಲಿ ಇದ್ದದ್ದು ಸಿದ್ದರಾಜು. ಇನ್ನೂ ಮೀಸೆ ಬಲಿಯದ ಹುಡುಗ. ಕೋವಿಯ ಸೀಸದ ಚರೆಗಳು ಎಡತೊಡೆಗೂ ಮೊಣಕಾಲಿಗೂ ಹೊಕ್ಕವು. ಬಿದ್ದ. ಕೋವಿಯ ನಳಿಗೆ ಮತ್ತೆ ಮೇಲೇಳುವುದು ಕಂಡಿತು. ಎರಡೂ ಕೈ ಮುಗಿದು, “ಬುದ್ಧೀ, ನಾನು” ಎಂದು ಕೂಗಿಕೊಂಡ.

ಕೇರಿಯವರು ಪಟೇಲರ ಮನೆಯವರ ಹೆಸರು ಹಿಡಿಯುವಂತಿರಲಿಲ್ಲ. ಯಜಮಾನನಿಗೂ ಬುದ್ಧಿ, ಮಗನಿಗೂ ಬುದ್ಧಿ, ತೊಟ್ಟಿಲಲ್ಲಿ ಉಚ್ಚೆ ಹೊಯ್ಯುವ ಕೂಸಿಗೂ ಬುದ್ಧಿ. ಪ್ರಾಣ ಹೋಗುವ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಅವ್ವ ಬರುತ್ತಾಳೆ. ಸಿದ್ದರಾಜುವಿನ ಬಾಯಿಗೆ ಅದು ಬಂತು. ಅದಕ್ಕಾಗಿ ಅವನು ತನ್ನ ಬಾಯನ್ನು ಇವತ್ತಿನವರೆಗೂ ಕ್ಷಮಿಸಿಲ್ಲ.

ಮುಂದಿನದು ಕೇಳಿದರೆ ನಗು ಬರುತ್ತದೆ. ಗುಂಡಿನ ಸದ್ದಿಗೆ ಫಾರೆಸ್ಟಿನವರು ಬಂದರು. ಕೋವಿ ಇತ್ತು, ಗಾಯ ಇತ್ತು, ಪ್ರಾಣಿ ಮಾತ್ರ ಇರಲಿಲ್ಲ. ಪಟೇಲರು ಎಲೆ ಅಡಿಕೆ ಉಗಿದು, ಕೋವಿ ಸಿದ್ದನದು ಅಂದರು. ಕದ್ದು ಬೇಟೆಗೆ ಬಂದವನು ತನ್ನ ಕಾಲಿಗೆ ತಾನೇ ಹೊಡೆದುಕೊಂಡ ಅಂದರು. ಮಾರುದ್ದದ ಕೋವಿಯಲ್ಲಿ ಮನುಷ್ಯ ದೂರ ನಿಂತು ತನ್ನ ತೊಡೆಗೆ ತಾನೇ ಹೇಗೆ ಹೊಡೆದುಕೊಳ್ಳುತ್ತಾನೆ ಎಂದು ಯಾರೂ ಕೇಳಲಿಲ್ಲ. ಅಕ್ರಮ ಬೇಟೆ ಎಂದು ಕೇಸಾಯಿತು. ಹೊಡೆದವನೂ ಸಿದ್ದರಾಜು, ಹೊಡೆಸಿಕೊಂಡವನೂ ಸಿದ್ದರಾಜು. ಜೈಲಿನಲ್ಲಿ ಏನು ಮಾಡಿ ಬಂದೆ ಎಂದು ಯಾರಾದರೂ ಕೇಳಿದರೆ, “ನನ್ನ ನಾನೇ ಬೇಟೆ ಆಡ್ಬುಟ್ಟೆ ಕನಣ್ಣ” ಎನ್ನುತ್ತಿದ್ದ. ಅವರು ನಗುತ್ತಿದ್ದರು. ಬೇರೆ ದಾರಿಯಿಲ್ಲದೆ ಇವನೂ ನಗುತ್ತಿದ್ದ.

ಹುಡುಗನಾಗಿದ್ದಾಗ ಸಿದ್ದರಾಜುವಿಗೂ ಕಾಡುಪ್ರಾಣಿ ಕಂಡರೆ ಬಾಯಲ್ಲಿ ನೀರೂರುತ್ತಿತ್ತು. ಸುಳ್ಳು ಯಾಕೆ ಹೇಳಬೇಕು. ಮೊಲ ಓಡಿದರೆ ಅವನಿಗೆ ಕಾಣುತ್ತಿದ್ದದ್ದು ಮೊಲವಲ್ಲ, ಸಾರು. ವಯಸ್ಸಾಗುತ್ತಾ ಅದು ತಂತಾನೇ ಹೋಯಿತು. ಒಮ್ಮೆ ರಾಗಿ ಹೊಲಕ್ಕೆ ಹಂದಿ ನುಗ್ಗಿತು. ದೊಣ್ಣೆ ಎತ್ತಿದವನು ನೋಡುತ್ತಾನೆ, ಅದೂ ಕುಂಟುತ್ತಿತ್ತು. ದೊಣ್ಣೆ ಇಳಿಸಿದ. ಅರ್ಧ ಹೊಲ ಹಂದಿಯ ಪಾಲಾಯಿತು, ಸಣ್ಣತಾಯಮ್ಮ ಹಬ್ಬದವರೆಗೂ ಬೈದಳು. ಅದರ ಮೇಲೆ ಯಾರೂ ನಾಟಕ ಆಡಲಿಲ್ಲ. ಮನಸ್ಸು ಬದಲಾಯಿಸಿಕೊಂಡು ಚಪ್ಪಾಳೆ ಗಿಟ್ಟಿಸಬೇಕಾದರೆ ಮೊದಲು ಕೈಯಲ್ಲಿ ಕೋವಿ ಇದ್ದಿರಬೇಕು, ತಮಟೆ ಬಡಿದವನ ಮನಸ್ಸು ಯಾರಿಗೆ ಬೇಕು.

ಶನಿವಾರ ನಾಟಕದ ಪ್ರಾಕ್ಟೀಸು ಗುರುಪ್ರಸಾದರ ಮನೆಯಲ್ಲಿ. ಪಾಲೋ ಆಲ್ಟೋದ ಹಿಂದಿನ ಗುಡ್ಡದ ಮೇಲಿನ ಮನೆ. ಮಗ ಹರ್ಷ ಕಾರು ಓಡಿಸುತ್ತಿದ್ದ. ಗುಡ್ಡ ಹತ್ತುವಾಗ ರಸ್ತೆಗೆ ಅಡ್ಡವಾಗಿ ಕಾಡು ಟರ್ಕಿ ಕೋಳಿಗಳ ಹಿಂಡು ಬಂತು. ಹರ್ಷ ಕಾರು ನಿಲ್ಲಿಸಿದ. ಹಿಂದೆ ಸಾಲುಗಟ್ಟಿ ಕಾರು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಎದುರಿನ ಕಾರಿನ ಬಿಳಿ ಹೆಂಗಸೊಬ್ಬಳು ಕಿಟಕಿ ಇಳಿಸಿ ಕೋಳಿಗಳಿಗೆ ಸಾರಿ ಅಂದಳು. ಹುಂಜ ನಡುರಸ್ತೆಯಲ್ಲಿ ನಿಂತು ಪುಕ್ಕ ಬಿಚ್ಚಿ ಎಲ್ಲರಿಗೂ ತೋರಿಸಿತು.

“ನಮ್ಮ ಮದುವೆ ಮೆರವಣಿಗೆನ ಪಟೇಲ್ರ ಬೀದಿಲಿ ತಡುದ್ರು,” ಅಂದಳು ಸಣ್ಣತಾಯಮ್ಮ, ಹಿಂದಿನ ಸೀಟಿನಿಂದ. “ಇಲ್ಲಿ ಕೋಳಿ ಮೆರವಣಿಗೆಗೆ ದಾರಿ ಬುಟ್ಟವ್ರೆ. ಕೋಳಿಯಾಗಿ ಹುಟ್ಬೇಕಿತ್ತು ಕನ.”

“ಅವ್ವ, ಅಲ್ಲಿ ಹೋಗಿ ಇದೆಲ್ಲ ಮಾತಾಡ್ಬೇಡ,” ಅಂದ ಹರ್ಷ.

ಮನೆಯ ಗೇಟಿನಲ್ಲೇ ಗುರುಪ್ರಸಾದರು ನಿಂತಿದ್ದರು. ಬಿಳಿ ಗಡ್ಡ, ಹತ್ತಿಯ ಜುಬ್ಬ. ಬೆರಳು ತುಟಿಯ ಮೇಲಿಟ್ಟು ಪಿಸುಗುಟ್ಟಿದರು. “ನಿಧಾನ ಬನ್ನಿ, ಅವರು ಮಲಗಿದ್ದಾರೆ.”

ಮನೆಯಲ್ಲಿ ಯಾರೋ ಹಿರಿಯರಿಗೆ ಹುಷಾರಿಲ್ಲ ಎಂದುಕೊಂಡು ಸಿದ್ದರಾಜು ಚಪ್ಪಲಿ ಕೈಗೆ ತೆಗೆದುಕೊಂಡ. ಮಲಗಿದ್ದದ್ದು ಜಿಂಕೆ. ಹುಲ್ಲಿನ ಮೇಲೆ ಕಾಲು ಮಡಚಿಕೊಂಡು, ಅರ್ಧ ತಿಂದ ಗುಲಾಬಿ ಗಿಡದ ಪಕ್ಕ.

“ಅವರಿಗೆ ನಮ್ಮ ಗುಲಾಬಿ ಅಂದ್ರೆ ಇಷ್ಟ,” ಅಂದರು ಗುರುಪ್ರಸಾದರು. “ತಿನ್ನಲಿ ಬಿಡಿ. ಅವರ ಜಾಗಕ್ಕೆ ನಾವು ಬಂದಿರೋದು ಅಲ್ವಾ.”

ದನಿ ಅದೇ. ಗಡ್ಡ ಬಂದಿತ್ತು, ಕನ್ನಡಕ ಬಂದಿತ್ತು, ಬಹುವಚನ ಬಂದಿತ್ತು, ದನಿ ಮಾತ್ರ ಪೊದೆಯ ಆ ಕಡೆ ನಿಂತ ದನಿಯೇ. ಸಿದ್ದರಾಜುವಿನ ಮೊಣಕಾಲು ತಾನಾಗಿ ಮಡಚಿತು. ಅವನು ಗೇಟು ಹಿಡಿದು ನೆಟ್ಟಗೆ ನಿಂತ.

ಮಕ್ಕಳು, ಹರ್ಷ, ಸಣ್ಣತಾಯಮ್ಮ ಎಲ್ಲ ಒಳಗೆ ಹೋದರು. ಸಿದ್ದರಾಜು ಕುಂಟುತ್ತಾ ಹಿಂದೆ ಉಳಿದ. ಗುರುಪ್ರಸಾದರು ಅವನ ನಡಿಗೆಯನ್ನೇ ನೋಡುತ್ತಿದ್ದರು.

“ಸಿದ್ದ ಅಲ್ವೇನೋ ನೀನು?”

“ಹೂಂ.”

“ನೋಡಪ್ಪ, ಪ್ರಪಂಚ ಎಷ್ಟು ಚಿಕ್ಕದು. ನಿನ್ನ ಮಗ ನಮ್ಮ ಕುಶಲ್ ಟೀಮಲ್ಲಿದಾನೆ. ನನಗೆ ಗೊತ್ತೇ ಇರಲಿಲ್ಲ. ಮಂಡ್ಯ ಕಡೆಯವನು ಅಂದಿದ್ದ, ಅಷ್ಟೆ. ಒಳ್ಳೇ ಹುಡುಗ.”

ಕುಶಲ್ ಅವರ ಮಗ, ಹರ್ಷನ ಮ್ಯಾನೇಜರು. ಮಗ ಊರು ಕೇರಿ ಮುಚ್ಚಿಟ್ಟದ್ದು ಈಗ ಇವರ ಕೈಗೆ ಸಿಕ್ಕಿತು ಎಂದು ಆ ‘ಅಷ್ಟೆ’ಯಿಂದ ಸಿದ್ದರಾಜುವಿಗೆ ಗೊತ್ತಾಯಿತು.

“ನಾಟಕದಲ್ಲಿ ಜಿಂಕೆ ಅಂತವ್ರೆ,” ಅಂದ.

ಗುರುಪ್ರಸಾದರು ನಾಚಿಕೊಂಡ ಹಾಗೆ ನಕ್ಕರು. “ನಿಜ ಹೇಳ್ತೀನಿ ಕೇಳು. ಮೊದಲು ಹಂದಿ ಅಂತ ಹೇಳ್ತಿದ್ದೆ. ಹಂದಿ ಅಂದ್ರೆ ಇಲ್ಲಿ ಜನಕ್ಕೆ ಅಷ್ಟು ಟಚ್ ಆಗಲ್ಲ. ಆಮೇಲೆ ಜಿಂಕೆ ಆಯ್ತು. ಹೇಳ್ತಾ ಹೇಳ್ತಾ ನನಗೇ ಜಿಂಕೆ ಕಾಣಿಸೋಕೆ ಶುರುವಾಯ್ತು. ಈಗ ಕಣ್ಣು ಮುಚ್ಚಿದ್ರೆ ಜಿಂಕೆನೇ ಬರೋದು, ದೇವರಾಣೆ. ಆ ಕೂಗು ಮಾತ್ರ ಹಾಗೇ ಉಳಿದಿದೆ. ನನ್ನ ಮಗಳು ಹರಿಪ್ರಿಯಾ ಅದನ್ನ ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡು ಬರೆದಿದಾಳೆ ಗೊತ್ತಾ?”

“ಮನ್ಸ ಅಂದಿದ್ರೆ ಟಚ್ ಆಯ್ತಿರ್ನಿಲ್ವಾ?”

“ಮನುಷ್ಯ ಅಂದ್ರೆ ಕೇಸಾಗುತ್ತೆ ಕಣೋ.”

ಜಿಂಕೆ ಎದ್ದು ಮೈ ಕೊಡವಿ ಉಳಿದರ್ಧ ಗುಲಾಬಿಗೆ ಬಾಯಿ ಹಾಕಿತು. ಗುರುಪ್ರಸಾದರು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಅಲ್ಲಿಂದಲೇ ಒಂದು ಉಪಕಾರ ಕೇಳಿದರು. ಸಂಭ್ರಮದ ದಿನ ಸಿದ್ದರಾಜು ವೇದಿಕೆಗೆ ಬಂದು ಎರಡು ಮಾತು ಆಡಬೇಕು. ನಾನೂ ಅವತ್ತು ಕಾಡಲ್ಲಿದ್ದೆ, ಆ ಜಿಂಕೆಯ ಕಣ್ಣೀರು ನೋಡಿದೆ ಅನ್ನಬೇಕು. ಶಾಲು ಹೊದಿಸುತ್ತಾರೆ.

“ನಾನು ಯಾರಾಗಿ ಬರ್ಲಿ?” ಸಿದ್ದರಾಜು ಕೇಳಿದ. “ನೋಡ್ದೋನಾಗೋ, ಹೊಡ್ದೋನಾಗೋ?”

“ಹೌದಲ್ಲ, ಕೇಸು ನಿನ್ನ ಮೇಲೇ ಇತ್ತು. ಹಾಗಾದ್ರೆ ‘ನಾನೂ ಬೇಟೆಗಾರ ಆಗಿದ್ದೆ, ಈಗ ಪಶ್ಚಾತ್ತಾಪ ಆಗಿದೆ’ ಅನ್ನು. ಇನ್ನೂ ಚೆನ್ನಾಗಿರುತ್ತೆ.” ಅವರು ನಿಜಕ್ಕೂ ಖುಷಿಯಾಗಿದ್ದರು. ಆಮೇಲೆ ದನಿ ಇಳಿಸಿದರು. “ಇಲ್ಲ ಅಂದ್ರೂ ಪರವಾಗಿಲ್ಲ. ಸುಮ್ಮನೆ ಕೂತು ನೋಡು. ಹರ್ಷನ ಮುಂದೆ ದೊಡ್ಡ ದಾರಿ ಇದೆ. ಹಳೇದು ಕೆದಕಿದ್ರೆ ಯಾರಿಗೂ ಒಳ್ಳೇದಲ್ಲ.”

ಒಳಗೆ ನಿಸರ್ಗಾ ಹದಿನೆಂಟನೇ ಸಲವೋ ಇಪ್ಪತ್ತನೇ ಸಲವೋ ಬಿದ್ದು ಕೈ ಮುಗಿಯುತ್ತಿದ್ದಳು. ಅವಳ ಮುಂದೆ ಹ್ಯಾಟು ಹಾಕಿಕೊಂಡು ಮರದ ಕೋವಿ ಹಿಡಿದು ನಿಂತವನು ಗುರುಪ್ರಸಾದರ ಮೊಮ್ಮಗ ಅನಿಕೇತ. ಪಟೇಲರ ಮನೆಯ ಮೊಮ್ಮಗನಿಗೆ ಸಿದ್ದರಾಜುವಿನ ಮೊಮ್ಮಗಳು ಬುದ್ಧೀ ಎನ್ನುತ್ತಿದ್ದಳು. ಸಮುದ್ರ ದಾಟಿ, ಕ್ಯಾಲಿಫೋರ್ನಿಯಾದಲ್ಲಿ, ಹೊಸ ಕಾರ್ಪೆಟ್ಟಿನ ಮೇಲೆ. ಹರಿಪ್ರಿಯಾ ಮೇಡಂ “ಇನ್ನೂ ಸ್ವಲ್ಪ ಬಗ್ಗಬೇಕು ಪುಟ್ಟಾ, ಇನ್ನೂ ಫೀಲ್ ಬರಬೇಕು” ಎಂದು ಕಲಿಸುತ್ತಿದ್ದರು. ಸಿದ್ದರಾಜು ಹೊರಗೆ ಹೋಗಿ ಕಾರಿನ ಪಕ್ಕ ಕೂತುಬಿಟ್ಟ.

ಮನೆಗೆ ಬಂದ ಮೇಲೆ ಹರ್ಷನಿಗೆ ಹೇಳಿದ. ಗುರುಪ್ರಸಾದರು ಮೈಸೂರಿನವರು ಎಂದಷ್ಟೇ ಹರ್ಷನಿಗೆ ಗೊತ್ತಿತ್ತು, ನಾಟಕದಲ್ಲಿ ತನ್ನೂರಿನ ಹೆಸರಿರುವುದನ್ನೂ ಅವನು ಕೇಳಿರಲಿಲ್ಲ. ಅಪ್ಪನ ಕಾಲಿನ ಚರೆ ಇವರದೇ ಎಂದು ತಿಳಿದು ಅವನ ಮುಖ ಬೂದಿಯಾಯಿತು.

“ಅಪ್ಪ, ನಾನು ಇಲ್ಲಿ ಎಲ್ಲರಿಗೂ ನೀನು ಸ್ಕೂಟರಿಂದ ಬಿದ್ದದ್ದು ಅಂತ ಹೇಳಿದೀನಿ.”

“ನಂಗೆ ಸೈಕಲ್ಲೇ ಬರಕಿಲ್ವಲ್ಲೋ.”

“ಇಲ್ಲಿ ನಾವು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲಪ್ಪ. ಗೊತ್ತಾದ್ರೆ ಯಾರೂ ಬಾಯಿಬಿಟ್ಟು ಏನೂ ಅನ್ನಲ್ಲ. ಲಂಚಿಗೆ ಕರೆಯೋದು ನಿಲ್ಲುತ್ತೆ. ಆಮೇಲೆ ಮೀಟಿಂಗಿಗೆ ಕರೆಯೋದು ನಿಲ್ಲುತ್ತೆ. ಆಮೇಲೆ ಪರ್ಫಾರ್ಮೆನ್ಸ್ ಸರಿ ಇಲ್ಲ ಅಂತಾರೆ. ಒಬ್ಬನಿಗೆ ಹಾಗಾಗಿದ್ದು ಕಣ್ಣಾರೆ ನೋಡಿದೀನಿ. ನೀನು ಅಲ್ಲಿ ಎದ್ದು ‘ಬುದ್ಧಿ’ ಅಂದವನು ನಾನು ಅಂದ್ರೆ ಸಾಕು, ಆ ಮಾತು ಯಾವ ಕೇರಿಯವರು ಅನ್ನೋ ಮಾತು ಅಂತ ಊರ ಕಡೆಯವರಿಗೆ ಬಿಡಿಸಿ ಹೇಳ್ಬೇಕಾ?”

ಸಿದ್ದರಾಜು ಮಗನ ತಲೆ ನೋಡಿದ. ಹಾಸ್ಟೆಲಿನ ಸೊಳ್ಳೆಗಳ ನಡುವೆ ಓದಿ ಇಲ್ಲಿಗೆ ಬಂದ ತಲೆ, ಆಗಲೇ ಅರ್ಧ ನರೆತಿತ್ತು.

“ನಾನು ಏನೂ ಅನ್ನಕಿಲ್ಲ ಬುಡು ಮಗ,” ಅಂದ. “ನನ್ನ ಜಿಂಕೆ ಮಾಡ್ಲಿ, ಕರಡಿ ಮಾಡ್ಲಿ. ಕೂಸು ಮಾತ್ರ ಆ ಮಾತು ಅನ್ಬಾರ್ದು. ಅದೊಂದು ತೆಗ್ಸು.”

ಅಷ್ಟೇ ಅವನು ಕೇಳಿದ್ದು. ಹರ್ಷ ಹರಿಪ್ರಿಯಾ ಮೇಡಂಗೆ ಫೋನು ಮಾಡಿದ. ಜಿಂಕೆ ‘ಅಮ್ಮಾ’ ಅಂದರೆ ಆಗುತ್ತದಾ ಎಂದು ತೀರಾ ನಯವಾಗಿ ಕೇಳಿದ. ಸ್ಪೀಕರಿನಲ್ಲಿ ಉತ್ತರ ಎಲ್ಲರಿಗೂ ಕೇಳಿಸಿತು.

“ಅಯ್ಯೋ ಹರ್ಷ, ಅದೇ ಇಡೀ ನಾಟಕದ ಹೈಲೈಟು. ಅಮ್ಮಾ ಅಂತ ಎಲ್ಲಾ ಪ್ರಾಣಿನೂ ಅನ್ನುತ್ತೆ. ಬುದ್ಧೀ ಅಂದಿದ್ದು ನಮ್ಮ ಜಿಂಕೆ ಒಂದೇ. ಟೀ ಶರ್ಟ್ ಮೇಲೂ ಪ್ರಿಂಟ್ ಹಾಕ್ಸಿದೀವಿ.”

ನಿಸರ್ಗಾಳನ್ನು ನಾಟಕದಿಂದ ಬಿಡಿಸೋಣ ಎಂದು ಸಣ್ಣತಾಯಮ್ಮ ಅಂದಳು. ಹುಡುಗಿ ಕಿವಿ ಹಾಕಿಕೊಂಡೇ ಅತ್ತಳು. ಅವಳ ತಪ್ಪೇನು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಸಂಭ್ರಮ ನಡೆದದ್ದು ಒಂದು ಸ್ಕೂಲಿನ ಹಾಲಿನಲ್ಲಿ. ಹಾಲಿನ ತುಂಬ ಟೀ ಶರ್ಟುಗಳು. ಎದೆಯ ಮೇಲೆ ಕೈಮುಗಿದ ಜಿಂಕೆ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಬುದ್ಧೀ’. ಡಾಕ್ಟರುಗಳು, ಇಂಜಿನಿಯರುಗಳು, ಅವರ ಹೆಂಡಿರು, ಬಾಣಂತನಕ್ಕೆ ಬಂದ ಅವರ ಅತ್ತೆಯರು, ಎಲ್ಲರ ಎದೆಯ ಮೇಲೂ. ಸಿದ್ದರಾಜು ಬಾಗಿಲಲ್ಲಿ ನಿಂತು ನೋಡಿದ. ಹುಟ್ಟಿದಾಗಿನಿಂದ ಕೇರಿಯವರು ಬೀದಿ ಬದಿಗೆ ಸರಿದು ಯಾವ ಮಾತು ಅನ್ನುತ್ತಿದ್ದರೋ ಆ ಮಾತನ್ನು ಇಷ್ಟು ದೊಡ್ಡ ಮನುಷ್ಯರು ತೊಟ್ಟುಕೊಂಡು ಪುಳಿಯೋಗರೆ ತಿನ್ನುತ್ತಿದ್ದರು. ಬಾಗಿಲ ಹತ್ತಿರದ ಹುಡುಗಿ ಅವನಿಗೂ ಒಂದು ಕೊಟ್ಟಳು. ಎಕ್ಸೆಲ್ ಸೈಜು.

“ಹಾಕ್ಕೊಳ್ಳಿ ಅಂಕಲ್, ಎಲ್ಲಾ ಹಾಕ್ಕೊಂಡಿದಾರೆ.”

“ನಾನು ಹಾಕ್ಕಂಡೇ ಹುಟ್ಟಿವ್ನಿ ಕನವ್ವ,” ಅಂದ. ಅವಳು ಅರ್ಥವಾಗದೆ ನಕ್ಕಳು.

ನಾಟಕ ಶುರುವಾಯಿತು. ಗುರುಪ್ರಸಾದರೇ ಮೈಕಿನ ಮುಂದೆ ನಿಂತು ಕಥೆ ಹೇಳುತ್ತಿದ್ದರು. ಪೊದೆಗಳು ಅಲ್ಲಾಡಿದವು. ನವಿಲು ಕುಣಿದು ಪುಕ್ಕ ಉದುರಿಸಿಕೊಂಡಿತು. ಡಬ್ಬ ಬಡಿಯುವವರು ಈ ಕಾಡಿನಲ್ಲಿ ಇರಲಿಲ್ಲ. ಪ್ರಾಣಿಗಳು ತಾವಾಗಿಯೇ ಕೋವಿಯ ಮುಂದೆ ಬಂದು ನಿಲ್ಲುತ್ತಿದ್ದವು. ಹಿಂದಿನ ಸಾಲಿನಲ್ಲಿ ಹರ್ಷ ಅಪ್ಪನ ಪಕ್ಕ ಕೂತು ಅವನ ಮಣಿಕಟ್ಟು ಹಿಡಿದುಕೊಂಡಿದ್ದ. ಸಣ್ಣ ಮಗುವಿನ ಕೈ ಹಿಡಿದ ಹಾಗೆ.

“ಆ ಮೂಕಪ್ರಾಣಿ ನನ್ನನ್ನ ನೋಡ್ತು,” ಅಂದರು ಗುರುಪ್ರಸಾದರು. ಕನ್ನಡಕ ತೆಗೆದು ಒರೆಸಿದರು. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. “ನಾನು ಕೋವಿಯ ಕುದುರೆ ಒತ್ತಿದೆ.”

ಪಕ್ಕದ ಲ್ಯಾಪ್‌ಟಾಪಿನಿಂದ ಢಂ ಎಂದು ಸದ್ದು ಬಂತು.

ಸಿದ್ದರಾಜುವಿನ ಮೈಯೆಲ್ಲ ನೆಗೆಯಿತು. ಎಷ್ಟು ವರ್ಷವಾದರೂ ಕಾಲಿಗೆ ಆ ಸದ್ದು ಗೊತ್ತು. ವೇದಿಕೆಯ ಮೇಲೆ ಅವನ ಮೊಮ್ಮಗಳು ಮೊಣಕಾಲು ಮಡಚಿದಳು, ಕೈ ಜೋಡಿಸಿದಳು, ಬಾಯಿ ತೆರೆದಳು.

“ತಡಿ ಕೂಸು. ಅನ್ಬ್ಯಾಡ.”

ಅವನೇ ಕೂಗಿದ್ದ. ಸೋವಿಗೆ ಹೋಗುತ್ತಿದ್ದ ಗಂಟಲು, ಅದಕ್ಕೆ ಮೈಕು ಬೇಕಿರಲಿಲ್ಲ. ಹರ್ಷನ ಕೈಯಿಂದ ಮಣಿಕಟ್ಟು ಬಿಡಿಸಿಕೊಂಡು ಕುಂಟುತ್ತಾ ಮೆಟ್ಟಿಲು ಹತ್ತಿದ. ನಿಸರ್ಗಾಳ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದ. ಸಭೆಯ ಕಡೆ ತಿರುಗಿದ.

“ಜಿಂಕೆಗೆ ಮಾತು ಬರಕಿಲ್ಲ ಕನ್ರಪ್ಪ. ಬುದ್ಧೀ ಅಂದದ್ದು ನಾನು. ಆ ಜಿಂಕೆ ನಾನೇ.”

ಚಪ್ಪಾಳೆ ಬಿತ್ತು. ಇದೂ ನಾಟಕದ್ದೇ ಎಂದುಕೊಂಡರು. ಜಿಂಕೆಯ ಆತ್ಮ ಬಂದಿದೆ ಎಂದು ಮುಂದಿನ ಸಾಲಿನ ಡಾಕ್ಟರೊಬ್ಬರು ಹೆಂಡತಿಗೆ ವಿವರಿಸಿದರು. ಸಿದ್ದರಾಜು ಪಂಚೆ ಎತ್ತಿ ತೊಡೆ ತೋರಿಸಿದ. ಚರೆ ಹೊಕ್ಕ ಗುಳಿಗಳು ಒಂದರ ಪಕ್ಕ ಒಂದು. ಚಪ್ಪಾಳೆ ಇನ್ನೂ ಜೋರಾಯಿತು. “ಮೇಕಪ್ಪು ನೋಡ್ರೀ,” ಅಂದರು ಯಾರೋ. ಫೋನುಗಳು ಮೇಲೆದ್ದವು. ಮುದುಕ ಅಷ್ಟು ಜನರ ಮುಂದೆ ತೊಡೆ ಬಿಟ್ಟುಕೊಂಡು ನಿಂತಿದ್ದ, ಅವರು ಎದ್ದು ನಿಂತು ಮೆಚ್ಚುತ್ತಿದ್ದರು. ಹಿಂದಿನ ಸಾಲಿನಿಂದ ಸಣ್ಣತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು, ಯಾರನ್ನು ಹೊಡೆಯುವುದೆಂದು ಗೊತ್ತಾಗದೆ ನಡುದಾರಿಯಲ್ಲಿ ನಿಂತಳು.

ನಿಜ ಗೊತ್ತಿದ್ದ ಗುರುಪ್ರಸಾದರು ಮೈಕಿನ ಮುಂದೆ ನಿಂತಿದ್ದರು. ಅವರ ಕತ್ತಿನ ನರ ಉಬ್ಬಿತು. ಮೈಕು ಬಾಯಿಗೆ ಹತ್ತಿರವಿದೆ ಎನ್ನುವುದು ಮರೆತೇಹೋಯಿತು.

“ಲೇ ಸಿದ್ದ. ಇಳಿಯೋ ಕೆಳಕ್ಕೆ.”

ಹಾಲಿನ ಎಲ್ಲಾ ಸ್ಪೀಕರುಗಳೂ ಅದನ್ನು ಹೇಳಿದವು. ಚಪ್ಪಾಳೆ ಅಲ್ಲಲ್ಲೇ ನಿಂತಿತು. ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಏನೂ ತಿಳಿಯಲಿಲ್ಲ. ಮಂಡ್ಯ ಹಾಸನದ ಕಡೆಯ ಅತ್ತೆಮಾವಂದಿರಿಗೆ ತಿಳಿಯಿತು. ಆ ‘ಲೇ’ ಯಾರು ಯಾರಿಗೆ ಅನ್ನುವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಿರಿಯ ಹೆಂಗಸೊಬ್ಬಳು ತನ್ನ ಟೀ ಶರ್ಟಿನ ಎದೆಯನ್ನು ಸೆರಗಿಲ್ಲದೆ ಕೈಯಲ್ಲೇ ಮುಚ್ಚಿಕೊಂಡಳು.

ಸಿದ್ದರಾಜು ಪಂಚೆ ಇಳಿಸಿದ.

“ಗುರುಪ್ರಸಾದ,” ಅಂದ. ಆ ಹೆಸರನ್ನು ಅವನು ಬಾಯಿಗೆ ತಂದುಕೊಂಡದ್ದು ಜನ್ಮದಲ್ಲಿ ಅದೇ ಮೊದಲು. ನಾಲಗೆಗೆ ಏನೂ ಆಗಲಿಲ್ಲ. “ಗುರುಪ್ರಸಾದ, ನೀನು ಹೊಡ್ದದ್ದು ನಂಗೆ. ನಿಮ್ಮಪ್ಪ ಜೈಲಿಗೆ ಕಳ್ಸಿದ್ದೂ ನನ್ನೇ. ಬುದ್ಧೀ ಅಂದ್ರೆ ಜ್ಞಾನ ಅಲ್ಲ. ನಿನ್ನ ಹೆಸ್ರ ಅನ್ನಂಗಿರ್ನಿಲ್ಲ, ಅದ್ಕೆ ಅಂದೆ. ನಿಂಗೆ ಪ್ರಾಣಿ ಮ್ಯಾಲೆ ಪ್ರೀತಿ ಬಂದದೆ. ಬರ್ಲಿ, ಒಳ್ಳೇದು. ನಂಗೂ ಬಂದದೆ. ಆದ್ರೆ ನನ್ನ ಪ್ರಾಣಿ ಮಾಡ್ಕಂಡು ಪ್ರೀತಿ ಮಾಡ್ಬ್ಯಾಡ.”

ಗುರುಪ್ರಸಾದ ಸುತ್ತ ನೋಡಿದ. ನಗಲು ನೋಡಿದ, ಆಗಲಿಲ್ಲ. “ಇವರನ್ನ ಯಾರು ಕರ್ಕೊಂಡು ಬಂದಿದ್ದು?” ಎಂದು ಸಭೆಗೆ ಕೇಳಿದ. ಮತ್ತೆ ಬಹುವಚನ ಬಂದಿತ್ತು.

ಹಿಂದಿನ ಸಾಲಿನಲ್ಲಿ ಹರ್ಷ ಎದ್ದ. ಎರಡು ಸಾಲು ಮುಂದೆ ಕೂತಿದ್ದ ಕುಶಲ್ ತಿರುಗಿ ನೋಡಿದ. ಹರ್ಷ ವೇದಿಕೆಯ ಕಡೆ ನಡೆದು ಬಂದ. ಅಪ್ಪನನ್ನು ಇಳಿಸಿಕೊಂಡು ಹೋಗಲು ಬಂದ ಎಂದು ಎಲ್ಲರೂ ಅಂದುಕೊಂಡರು, ಸಿದ್ದರಾಜುವೂ ಅಂದುಕೊಂಡ. ಮಗನಿಗೆ ಕೊಟ್ಟ ಮಾತು ಮುರಿದವನು, ಮುಖ ಎತ್ತಲಾಗಲಿಲ್ಲ. ಹರ್ಷ ಮೆಟ್ಟಿಲು ಹತ್ತಿ ಅಪ್ಪನ ಪಕ್ಕ ನಿಂತ.

“ನಾನು ಕರ್ಕೊಂಡು ಬಂದಿದ್ದು,” ಅಂದ. “ನಮ್ಮಪ್ಪ. ನಮ್ಮದು ಕೆಂಚನಕೊಪ್ಪಲಿನ ಹೊಲಗೇರಿ. ಸ್ಕೂಟರ್ ಅಂದಿದ್ನಲ್ಲ, ಅದು ಸುಳ್ಳು.”

ಯಾರೂ ಏನೂ ಅನ್ನಲಿಲ್ಲ. ಅನ್ನುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಕುಶಲ್ ಫೋನು ತೆಗೆದು ಅದರಲ್ಲಿ ಏನೂ ಇಲ್ಲದಿದ್ದರೂ ನೋಡತೊಡಗಿದ. ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು.

ಆಗ ಹರಿಪ್ರಿಯಾ ಮೇಡಂ ಪರದೆಯ ಪಕ್ಕದಿಂದ ಬಂದರು. ಕಾರ್ಯಕ್ರಮ ಕೆಡಬಾರದು ಎಂಬುದೊಂದೇ ಅವರ ತಲೆಯಲ್ಲಿತ್ತು. ಮಕ್ಕಳು ಅಷ್ಟೊಂದು ಪ್ರಾಕ್ಟೀಸ್ ಮಾಡಿದಾರೆ, ದೊಡ್ಡವರ ವಿಷಯ ಆಮೇಲೆ ಮಾತಾಡೋಣ ಎಂದು ಮೈಕಿನಲ್ಲಿ ಕೇಳಿಕೊಂಡರು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ತಗೊಳ್ಳೋಣ ಅಂದರು. ಪೊದೆಗಳು ತಮ್ಮ ಜಾಗಕ್ಕೆ ಹೋದವು. ಅನಿಕೇತ ಮರದ ಕೋವಿ ಎತ್ತಿ ಹಿಡಿದ. ಪಾಪ, ಅವನ ಹ್ಯಾಟು ಕಣ್ಣಿನ ಮೇಲೆ ಜಾರಿತ್ತು.

“ಜಿಂಕೆ, ರೆಡಿನಾ ಪುಟ್ಟಾ?”

ನಿಸರ್ಗಾ ತಾತನ ಕಾಲು ನೋಡಿದಳು. ಅಪ್ಪನ ಮುಖ ನೋಡಿದಳು.

ಢಂ ಅಂದಿತು ಲ್ಯಾಪ್‌ಟಾಪು.

ಹುಡುಗಿ ನಿಂತೇ ಇದ್ದಳು.

“ಬೀಳಬೇಕು ಕಣಮ್ಮ,” ಮೇಡಂ ಪಿಸುಗುಟ್ಟಿದರು. “ಬಿದ್ದು ಲೈನ್ ಹೇಳಬೇಕು.”

“ಬೀಳಲ್ಲ,” ಅಂದಳು ನಿಸರ್ಗಾ. ಅಚ್ಚ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ.

ಸರಿಯಾಗಿ ಕೇಳಿಸಿಲ್ಲವೇನೋ ಎಂದು ಲ್ಯಾಪ್‌ಟಾಪಿನವನು ವಾಲ್ಯೂಮು ಏರಿಸಿದ. ಮತ್ತೆ ಢಂ ಅಂದಿತು. ಮತ್ತೊಮ್ಮೆ ಢಂ ಅಂದಿತು. ಗೋಡೆಗಳು ಅದುರಿದವು, ಪೊದೆಯೊಂದು ಹೆದರಿ ಅತ್ತಿತು. ಜಿಂಕೆ ಬೀಳಲಿಲ್ಲ.